ಹಿಮ ಬೀಳುವ ಮೊದಲೇ ಮಾರಾಟ: ಅಮೆರಿಕದ ಸ್ಕೀ ಬೆಟ್ಟಗಳು ಕೈ ಬದಲಿಸಿದ ಬಗೆ

ಕೊಲೊರಾಡೋದ ವೇಲ್ ಬೆಟ್ಟದಲ್ಲಿ ರಜಾದಿನದ ಬೆಳಿಗ್ಗೆ ಕೌಂಟರಿಗೆ ಹೋಗಿ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಜನರನ್ನು ಇಳಿಜಾರಿನ ತುದಿಗೆ ಒಯ್ಯುವ ಲಿಫ್ಟಿನ ಒಂದು ದಿನದ ಟಿಕೆಟ್ ಕೇಳಿದರೆ ಈಗ 300 ಡಾಲರಿಗೂ ಮೇಲೆ. ಅದೇ ವೇಲ್ ಸೇರಿದಂತೆ ಹತ್ತಾರು ಬೆಟ್ಟಗಳಲ್ಲಿ ಇಡೀ ಚಳಿಗಾಲ ಆಡಲು ಬಿಡುವ ಎಪಿಕ್ ಪಾಸ್ 2024-25ರ ಸಾಲಿಗೆ ಮಾರಾಟಕ್ಕೆ ಬಂದಾಗ ಇದ್ದ ಬೆಲೆ 982 ಡಾಲರ್. ನಾಲ್ಕು ದಿನ ಆಡಿದರೆ ಪಾಸಿನ ದುಡ್ಡು ಹುಟ್ಟಿತು. ಆದರೆ ಆ ಪಾಸನ್ನು ಕೊಳ್ಳಬೇಕಾದದ್ದು ಬೇಸಿಗೆಯಲ್ಲೋ ಮಳೆಗಾಲದಲ್ಲೋ, ಮುಂದಿನ ಚಳಿಗಾಲಕ್ಕೆ ಎಷ್ಟು ಹಿಮ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ. ಡಿಸೆಂಬರ್ ಮೊದಲ ವಾರಗಳಲ್ಲಿ ಮಾರಾಟ ಬಂದ್.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚೇಣಿ ಗೊತ್ತು. ಕೊನೆಕೊಯ್ಲಿಗೆ ಮುಂಚೆಯೇ ತೋಟದ ಫಸಲನ್ನು ಒಬ್ಬರಿಗೆ ವಹಿಸಿ ದುಡ್ಡು ಎಣಿಸಿಕೊಂಡರೆ, ಆಮೇಲಿನ ಮಳೆ, ಕೊಳೆ, ದರದ ಏರಿಳಿತ ಎಲ್ಲ ಚೇಣಿ ಹಿಡಿದವನ ತಲೆಬಿಸಿ. ಅಮೆರಿಕದ ಸ್ಕೀ ಬೆಟ್ಟಗಳಲ್ಲಿ ಹೆಚ್ಚೂಕಡಿಮೆ ಇದೇ ನಡೆದಿದೆ. ವ್ಯತ್ಯಾಸ ಒಂದೇ, ಇಲ್ಲಿ ಚೇಣಿ ಹಿಡಿದವರು ಆಡಲು ಬರುವ ಜನ. ಯಾವ ಕಂಪನಿ ಯಾವ ಬೆಟ್ಟವನ್ನು ಎಷ್ಟಕ್ಕೆ ಕೊಂಡಿತು ಎಂಬ ಪಟ್ಟಿ ಉದ್ದವಿದೆ, ಓದುತ್ತಾ ಹೋದರೆ ತಲೆ ಗಿರ್ರೆನ್ನುತ್ತದೆ. ಈ ಚೇಣಿಯ ಎಳೆ ಹಿಡಿದುಕೊಂಡರೆ ಉಳಿದದ್ದು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಹಳೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1936ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಐಡಾಹೋದ ಸನ್ ವ್ಯಾಲಿಯಲ್ಲಿ ಸ್ಕೀ ತಾಣ ಕಟ್ಟಿತು. ಹಡಗಿಗೆ ಬಾಳೆಗೊನೆ ಏರಿಸುವ ಕೊಕ್ಕೆಯ ಸಾಲನ್ನು ಕಂಡಿದ್ದ ಆ ಕಂಪನಿಯ ಎಂಜಿನಿಯರ್ ಒಬ್ಬರು ಕೊಕ್ಕೆಯ ಜಾಗದಲ್ಲಿ ಕುರ್ಚಿ ನೇತುಹಾಕಿದರು, ಕುರ್ಚಿ ಲಿಫ್ಟ್ ಹುಟ್ಟಿದ್ದು ಹಾಗೆ. ಎರಡನೇ ಮಹಾಯುದ್ಧದಲ್ಲಿ ಹಿಮಪರ್ವತದ ಕಾಳಗಕ್ಕೆಂದು ತರಬೇತಾದ 10ನೇ ಮೌಂಟನ್ ಡಿವಿಷನ್ ಸೈನಿಕರು ಊರಿಗೆ ಮರಳಿ, ಕಂಡ ಕಂಡ ಇಳಿಜಾರಿಗೆ ಜನರನ್ನು ಮೇಲಕ್ಕೆಳೆಯುವ ಹಗ್ಗ ಕಟ್ಟಿದರು. ವೇಲ್ ಬೆಟ್ಟವನ್ನು 1962ರಲ್ಲಿ ತೆರೆದ ಪೀಟ್ ಸೀಬರ್ಟ್ ಅಂಥವರಲ್ಲಿ ಒಬ್ಬರು. ಆಗ ಅಲ್ಲಿ ದಿನದ ಟಿಕೆಟ್ 5 ಡಾಲರ್. ಬಹುತೇಕ ಬೆಟ್ಟಗಳು ಒಂದು ಕುಟುಂಬದ್ದೋ ಊರ ಕ್ಲಬ್ಬಿನದೋ ಆಗಿದ್ದವು. ಟಿಕೆಟ್ ಹರಿಯುವವರು ಯಜಮಾನರೇ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸೂಪು ಬಡಿಸುವವರೂ ಅವರೇ.

1980ರ ದಶಕದ ಆರಂಭದಲ್ಲಿ ದೇಶದಲ್ಲಿ 700ಕ್ಕೂ ಹೆಚ್ಚು ಸ್ಕೀ ತಾಣಗಳಿದ್ದವು, ಈಗ 500ಕ್ಕಿಂತ ಕಡಿಮೆ. ಈ ಇಳಿಕೆಯ ಪಾಪವನ್ನು ದೊಡ್ಡ ಕಂಪನಿಗಳ ತಲೆಗೆ ಕಟ್ಟುವುದು ರೂಢಿ. ಅದು ಸರಿಯಲ್ಲ. ಮುಚ್ಚಿದವುಗಳಲ್ಲಿ ಬಹುಪಾಲು ಯಾರೂ ಕೊಳ್ಳದೇ ಹೋದ ಸಣ್ಣ ಗುಡ್ಡಗಳು. ವಿಮೆಯ ಕಂತು ಏರಿತು, ಕೃತಕ ಹಿಮ ಮಾಡುವ ಯಂತ್ರವಿಲ್ಲದೆ ಬಾಗಿಲು ತೆರೆಯುವಂತಿಲ್ಲ ಎಂದಾಯಿತು, ಹಳೆಯ ಲಿಫ್ಟ್ ಬದಲಿಸಲು ಲಕ್ಷಗಟ್ಟಲೆ ಡಾಲರ್ ಬೇಕಾಯಿತು. ಎರಡು ಚಳಿಗಾಲ ಸತತವಾಗಿ ಹಿಮ ಕೈಕೊಟ್ಟರೆ ಕುಟುಂಬದ ಬೆಟ್ಟ ಬ್ಯಾಂಕಿನ ಪಾಲು. ಕೊಳ್ಳುವವರು ಬಂದಾಗ ಎಷ್ಟೋ ಯಜಮಾನರು ನಿಟ್ಟುಸಿರು ಬಿಟ್ಟದ್ದೂ ಉಂಟು.

ಇಲ್ಲಿ ‘ಬೆಟ್ಟ ಕೊಂಡರು’ ಎಂಬ ಮಾತಿನ ಅರ್ಥ ತಿಳಿದಿರಲಿ. ಪಶ್ಚಿಮದ ದೊಡ್ಡ ಸ್ಕೀ ಬೆಟ್ಟಗಳಲ್ಲಿ ಹೆಚ್ಚಿನವು ಸರ್ಕಾರಿ ಅರಣ್ಯ ಭೂಮಿ. ಅರಣ್ಯ ಇಲಾಖೆ 1986ರ ಕಾಯ್ದೆಯಂತೆ 40 ವರ್ಷದವರೆಗೆ ಪರವಾನಗಿ ಕೊಟ್ಟು ಶುಲ್ಕ ಪಡೆಯುತ್ತದೆ. ಕೈ ಬದಲಿಸುವುದು ಲಿಫ್ಟು, ಕಟ್ಟಡ, ಹೆಸರು ಮತ್ತು ಆ ಪರವಾನಗಿಯ ಜಾಗದಲ್ಲಿ ಕೂರುವ ಅವಕಾಶ. ನೆಲ ನಮ್ಮದು, ಅದರ ಮೇಲೆ ಹೋಗಿಬರಲು 300 ಡಾಲರ್ ಯಾಕೆ ಎಂದು ಸ್ಕೀ ಆಡುವವರು ಕೇಳುವುದು ಈ ಕಾರಣಕ್ಕೆ.

1990ರ ದಶಕದಲ್ಲಿ ಮೂರು ಕಂಪನಿಗಳು ಬೆಟ್ಟಗಳನ್ನು ಪೋಣಿಸತೊಡಗಿದವು: ಅಮೆರಿಕನ್ ಸ್ಕೀಯಿಂಗ್ ಕಂಪನಿ, ಕೆನಡಾದ ಇಂಟ್ರಾವೆಸ್ಟ್, ಮತ್ತು ವೇಲ್ ಬೆಟ್ಟದ ಒಡೆತನದ, ಅದೇ ಹೆಸರಿನ ಕಂಪನಿ. ಆಗಿನ ಲೆಕ್ಕಾಚಾರ ನಿಂತದ್ದು ಸೈಟು-ಮನೆ ವ್ಯಾಪಾರದ ಮೇಲೆ. ಬೆಟ್ಟದ ಬುಡದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ಮಾರಬೇಕು, ಸ್ಕೀ ಬರೀ ಆಕರ್ಷಣೆ. ಅಮೆರಿಕನ್ ಸ್ಕೀಯಿಂಗ್ ಸಾಲದ ಹೊರೆಯಲ್ಲಿ ಕುಸಿದು 2007ರ ಹೊತ್ತಿಗೆ ಇದ್ದದ್ದನ್ನೆಲ್ಲ ಮಾರಿತು. ವೇಲ್ ಉಳಿಯಿತು. 1997ರಲ್ಲಿ ಬ್ರೆಕನ್‌ರಿಜ್, ಕೀಸ್ಟೋನ್ ಬೆಟ್ಟಗಳನ್ನು ಅದು ಕೊಂಡಾಗ, ಡೆನ್ವರ್ ಸುತ್ತಲಿನವರಿಗೆ ಆಯ್ಕೆಯೇ ಉಳಿಯುವುದಿಲ್ಲವೆಂದು ನ್ಯಾಯ ಇಲಾಖೆ ತಕರಾರು ತೆಗೆದು, ಜೊತೆಗೆ ಬರುತ್ತಿದ್ದ ಅರಾಪಾಹೋ ಬೇಸಿನ್ ಬೆಟ್ಟವನ್ನು ಬೇರೆಯವರಿಗೆ ಮಾರಿಸಿತು. ಈ ಬೆಟ್ಟದ ಹೆಸರು ನೆನಪಿರಲಿ, ಆಮೇಲೆ ಬರುತ್ತದೆ.

2008ರಲ್ಲಿ ಆಟದ ನಿಯಮವೇ ಬದಲಾಯಿತು. ಆರ್ಥಿಕ ಕುಸಿತದ ಆ ವರ್ಷ, ರಾಬ್ ಕಾಟ್ಜ್ ಮುಖ್ಯಸ್ಥರಾಗಿದ್ದಾಗ ವೇಲ್ ಕಂಪನಿ ತನ್ನೆಲ್ಲ ಬೆಟ್ಟಗಳಿಗೂ ಎಪಿಕ್ ಎಂಬ ಒಂದೇ ಪಾಸ್ ತಂದಿತು, ಬೆಲೆ 579 ಡಾಲರ್. ಅದಕ್ಕೆ ಮೊದಲು ಒಂದೇ ದೊಡ್ಡ ಬೆಟ್ಟದ ಸೀಸನ್ ಪಾಸಿಗೆ ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ. ಜನ ಮುಗಿಬಿದ್ದರು. ಕಂಪನಿಗೆ ಸಿಕ್ಕಿದ್ದು ಬೇರೆಯದೇ ಲಾಭ: ಹಿಮ ಬೀಳಲಿ ಬಿಡಲಿ, ದುಡ್ಡು ಸೆಪ್ಟೆಂಬರಿನಲ್ಲೇ ಗಲ್ಲಾಪೆಟ್ಟಿಗೆಯಲ್ಲಿ. ಅಲ್ಲಿಂದ ಮುಂದೆ ಬೆಟ್ಟ ಕೊಳ್ಳುವುದೆಂದರೆ ಪಾಸಿಗೆ ಇನ್ನಷ್ಟು ಗಿರಾಕಿಗಳನ್ನು ಕೊಳ್ಳುವುದು. 2012ರಲ್ಲಿ ಮಿನ್ನಿಯಾಪೊಲಿಸ್ ಬಳಿಯ ಆಫ್ಟನ್ ಆಲ್ಪ್ಸ್, ಡೆಟ್ರಾಯಿಟ್ ಬಳಿಯ ಮೌಂಟ್ ಬ್ರೈಟನ್ ಎಂಬ ಚಿಕ್ಕ ಗುಡ್ಡಗಳನ್ನು ವೇಲ್ ಕೊಂಡಾಗ ಹಲವರು ಹುಬ್ಬೇರಿಸಿದರು. ಉತ್ತರ ಸರಳ. ವಾರದ ಸಂಜೆ ಊರ ಗುಡ್ಡದಲ್ಲಿ ಮಕ್ಕಳಿಗೆ ಸ್ಕೀ ಕಲಿಸುವ ಕುಟುಂಬ ಪಾಸ್ ಕೊಳ್ಳುತ್ತದೆ. ಪಾಸ್ ಕೈಯಲ್ಲಿದ್ದ ಮೇಲೆ ಫೆಬ್ರವರಿಯ ರಜೆಗೆ ವಿಮಾನ ಹತ್ತುವುದು ಕೊಲೊರಾಡೋಗೇ. ಅಲ್ಲಿ ಹೋಟೆಲು, ಊಟ, ಸ್ಕೀ ಪಾಠ ಎಲ್ಲ ಒಂದೇ ಲೆಕ್ಕಕ್ಕೆ.

ಯೂಟಾದ ಪಾರ್ಕ್ ಸಿಟಿಯ ಕಥೆ ಇವುಗಳಲ್ಲೇ ವಿಚಿತ್ರ. ಅಲ್ಲಿ ಬೆಟ್ಟ ನಡೆಸುತ್ತಿದ್ದ ಪೌಡರ್ ಎಂಬ ಹೆಸರಿನ ಕಂಪನಿ, ಜುಜುಬಿ ಬಾಡಿಗೆಯ ಹಳೆಯ ಗುತ್ತಿಗೆಯನ್ನು ನವೀಕರಿಸುವ ಪತ್ರವನ್ನು 2011ರಲ್ಲಿ ಗಡುವು ಮುಗಿದು ದಿನವೆರಡಾದ ಮೇಲೆ ಕೊಟ್ಟಿತು. ಜಮೀನಿನ ಒಡೆತನದ ಕಂಪನಿ ಒಪ್ಪಲಿಲ್ಲ, ಬದಲಿಗೆ ವೇಲ್ ಜೊತೆ ಕೈಜೋಡಿಸಿತು. ಬೆಟ್ಟದ ಮೇಲ್ಭಾಗ ಒಬ್ಬರದು, ಬುಡ ಮತ್ತು ವಾಹನ ನಿಲ್ಲಿಸುವ ಜಾಗ ಇನ್ನೊಬ್ಬರದು ಎಂಬ ಪಜೀತಿಯಲ್ಲಿ ಕೋರ್ಟು ಕಚೇರಿ ಅಲೆದು, 2014ರಲ್ಲಿ ವೇಲ್ 18.25 ಕೋಟಿ ಡಾಲರಿಗೆ ಬುಡವನ್ನೂ ಕೊಂಡಿತು. ಪಕ್ಕದ ಕ್ಯಾನಿಯನ್ಸ್ ಸೇರಿಸಿದ ಮೇಲೆ ಅದು 7,300 ಎಕರೆಯ ಒಂದೇ ತಾಣ.

ಆಮೇಲಿನದು ಸಂತೆಯ ವೇಗ. 2016ರಲ್ಲಿ ಕೆನಡಾದ ವಿಸ್ಲರ್, 2017ರಲ್ಲಿ ವರ್ಮಾಂಟಿನ ಸ್ಟೋ, 2019ರಲ್ಲಿ ಪೀಕ್ ರೆಸಾರ್ಟ್ಸ್‌ನ 17 ಬೆಟ್ಟಗಳು ಒಂದೇ ಏಟಿಗೆ. ಎದುರು ಪಾಳಯವೂ ಎದ್ದಿತು. ಕೆಎಸ್‌ಎಲ್ ಹೂಡಿಕೆ ಕಂಪನಿ ಮತ್ತು ಆಸ್ಪೆನ್ ಬೆಟ್ಟಗಳ ಒಡೆಯರು ಸೇರಿ 2017ರಲ್ಲಿ ಇಂಟ್ರಾವೆಸ್ಟನ್ನು ಕೊಂಡು, ಮ್ಯಾಮತ್, ಡಿಯರ್ ವ್ಯಾಲಿ ಮುಂತಾದವನ್ನು ಕೂಡಿಸಿ ಆಲ್ಟೆರಾ ಎಂದು ಹೆಸರಿಟ್ಟರು. ಅವರ ಐಕಾನ್ ಪಾಸ್ ಶುರುವಾದದ್ದು 2018-19ರ ಸಾಲಿಗೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರ ನಡುವೆ ಟಾಹೋ ಸರೋವರದ ಸುತ್ತಲಿನ ಸ್ಕೀ ಬೆಟ್ಟಗಳ ಪ್ರವಾಸದ ಮಾತು ಬಂದರೆ ಈಗ ಮೊದಲ ಪ್ರಶ್ನೆಯೇ ‘ನೀವು ಎಪಿಕ್ಕಾ, ಐಕಾನಾ?’ ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ಒಂದು ಕಡೆ, ಪ್ಯಾಲಿಸೇಡ್ಸ್ ಇನ್ನೊಂದು ಕಡೆ. ಸ್ನೇಹಿತರು ಬೇರೆ ಪಾಸ್ ಕೊಂಡಿದ್ದರೆ ಜೊತೆಗೆ ಹೋಗುವ ಆಸೆ ಬಿಡಬೇಕು.

ನನ್ನ ದೃಷ್ಟಿಯಲ್ಲಿ ಇಡೀ ಗೋಜಲನ್ನು ಒಂದೇ ಕಡೆ ತೋರಿಸುವ ಬೆಟ್ಟ ಸ್ಟೀವನ್ಸ್ ಪಾಸ್. ಸಿಯಾಟಲ್‌ನಿಂದ ಸುಮಾರು 80 ಮೈಲಿ, ಕ್ಯಾಸ್ಕೇಡ್ ಪರ್ವತಗಳ ನೆತ್ತಿಯಲ್ಲಿ, ಎರಡನೇ ನಂಬರಿನ ಹೆದ್ದಾರಿ ದಾಟುವ ಕಣಿವೆ. (ಇಲ್ಲಿ ‘ಪಾಸ್’ ಎಂದರೆ ಘಟ್ಟದ ಹಾದಿ. ಪಾಸಿನ ಜಗಳಕ್ಕೆ ಪಾಸ್ ಎಂಬ ಹೆಸರಿನ ಬೆಟ್ಟವೇ ಸಿಕ್ಕಿದ್ದು ಕಾಕತಾಳೀಯ.) 1937ರಲ್ಲಿ ಇಬ್ಬರು ಸ್ಕೀ ಹುಚ್ಚಿನವರು ಫೋರ್ಡ್ ಕಾರಿನ ಎಂಜಿನ್ನಿಗೆ ಹಗ್ಗ ಕಟ್ಟಿ ಶುರುಮಾಡಿದ ತಾಣ ಇದು. ಪ್ರವಾಸಿಗರ ಐಷಾರಾಮಿ ಊರು ಇಲ್ಲಿಲ್ಲ, ತಂಗಲು ದೊಡ್ಡ ಹೋಟೆಲ್ಲಿಲ್ಲ. ಕೆಲಸ ಮುಗಿಸಿ ಸಂಜೆ ದೀಪದ ಬೆಳಕಿನಲ್ಲಿ ನಾಲ್ಕು ಸುತ್ತು ಜಾರಿ ಮನೆಗೆ ಮರಳುವ ಜನರ ಬೆಟ್ಟ. ಬೋಯಿಂಗ್‌ನವರು, ಸಾಫ್ಟ್‌ವೇರಿನವರು, ಬಡಗಿಗಳು, ಮೇಷ್ಟ್ರುಗಳು ಒಂದೇ ಸಾಲಿನಲ್ಲಿ. 2011ರಿಂದ ಎರಡು ಹೂಡಿಕೆ ಕಂಪನಿಗಳ ಕೈ ದಾಟಿ 2018ರಲ್ಲಿ ವೇಲ್ ಪಾಲಾಯಿತು. ಅಂದರೆ ಮನೆತನದ ಆಸ್ತಿಯನ್ನು ಕಂಪನಿ ಕಸಿಯಿತು ಎಂಬ ಚಿತ್ರ ಇಲ್ಲಿ ಹೊಂದುವುದಿಲ್ಲ, ಅದು ಆಗಲೇ ದೂರದವರ ಲೆಕ್ಕಪುಸ್ತಕದಲ್ಲಿತ್ತು. ಪಾಸಿನ ಬೆಲೆ ಇಳಿದದ್ದಕ್ಕೆ ಖುಷಿಪಟ್ಟವರೂ ಇದ್ದರು.

2021ರಲ್ಲಿ ವೇಲ್ ತನ್ನ ಪಾಸಿನ ಬೆಲೆಯನ್ನು ಶೇ. 20ರಷ್ಟು ಇಳಿಸಿತು. ಎಲ್ಲ ಬಗೆಯ ಪಾಸೂ ಸೇರಿ 21 ಲಕ್ಷ ಮಾರಾಟವಾದವು. ಆ ಚಳಿಗಾಲ ಸ್ಟೀವನ್ಸ್‌ನಲ್ಲಿ ಹಿಮಕ್ಕೆ ಬರವಿರಲಿಲ್ಲ, ಹೆದ್ದಾರಿಯನ್ನೇ ಮುಚ್ಚುವಷ್ಟು ಬಿತ್ತು. ಕೊರತೆಯಾದದ್ದು ಆಳುಗಳದ್ದು. ಕೋವಿಡ್ ಕಾಲ, ಕಡಿಮೆ ಸಂಬಳ, ಸುತ್ತಮುತ್ತ ಬಾಡಿಗೆಗೆ ಸಿಗದ ಮನೆ. ಲಿಫ್ಟ್ ನಡೆಸಲು ಜನರಿಲ್ಲದೆ ಹಲವು ಲಿಫ್ಟುಗಳು ನಿಂತೇ ಇದ್ದವು, ಬೆಟ್ಟದ ಹಿಂಬದಿ ಇಡೀ ಮುಚ್ಚಿತ್ತು. ತೆರೆದಿದ್ದ ಲಿಫ್ಟಿನ ಮುಂದೆ ಸಾಲು ಬೆಳೆಯಿತು, ಬೆಳಿಗ್ಗೆ ತಡವಾದರೆ ಕಾರು ನಿಲ್ಲಿಸಲು ಜಾಗವಿಲ್ಲದೆ ಅಷ್ಟು ದೂರ ವಾಪಸ್. ಕಣ್ಣೆದುರು ಯಾರೂ ಮುಟ್ಟದ ಹೊಸ ಹಿಮ, ಅಲ್ಲಿಗೆ ಹೋಗುವಂತಿಲ್ಲ.

ಹಿಂದಿನ ಕಾಲವಾಗಿದ್ದರೆ ಜನ ಟಿಕೆಟ್ ಕೊಳ್ಳದೆ ಮನೆಯಲ್ಲಿರುತ್ತಿದ್ದರು, ಯಜಮಾನನಿಗೆ ಬಿಸಿ ಅಂದೇ ಸಂಜೆ ತಟ್ಟುತ್ತಿತ್ತು. ಈ ಸಲ ದುಡ್ಡು ಆಗಲೇ ಕೊಟ್ಟಾಗಿತ್ತು. ಉಳಿದದ್ದು ದೂರು ಕೊಡುವುದೊಂದೇ. ಪಾಸಿನ ಹಣದಲ್ಲಿ ಪಾಲು ವಾಪಸ್ ಕೊಡಿ, ಕೆಲಸದವರಿಗೆ ಸರಿಯಾದ ಸಂಬಳ ಕೊಡಿ ಎಂದು ಕೇಳುವ ಮನವಿಗೆ 40,000ಕ್ಕೂ ಹೆಚ್ಚು ಸಹಿ ಬಿದ್ದವು, ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರುಗಳ ರಾಶಿ ಬಂತು. ಜನವರಿಯಲ್ಲಿ ಕಂಪನಿ, ಹಿಂದೊಮ್ಮೆ ಇದೇ ಬೆಟ್ಟದಲ್ಲಿ ದುಡಿದಿದ್ದ ಟಾಮ್ ಫಾರ್ಚೂನ್ ಅವರನ್ನು ಹಂಗಾಮಿ ಮುಖ್ಯಸ್ಥರನ್ನಾಗಿ ಕಳಿಸಿತು. ಹಿಂಬದಿ ತೆರೆಯಿತು. ಮಾರ್ಚಿನಲ್ಲಿ, ಮುಂದಿನ ಸಾಲಿನಿಂದ ಉತ್ತರ ಅಮೆರಿಕದ ತನ್ನೆಲ್ಲ ಬೆಟ್ಟಗಳಲ್ಲೂ ಗಂಟೆಗೆ ಕನಿಷ್ಠ 20 ಡಾಲರ್ ಸಂಬಳವೆಂದು ಕಂಪನಿ ಘೋಷಿಸಿತು.

ಮನವಿಯಲ್ಲಿ ಗಮನಿಸಬೇಕಾದದ್ದು ಆ ಎರಡನೇ ಬೇಡಿಕೆ. ಗಿರಾಕಿಗಳು ತಮ್ಮ ನಷ್ಟದ ಜೊತೆಗೆ ಲಿಫ್ಟ್ ನಡೆಸುವ ಹುಡುಗನ ಸಂಬಳವನ್ನೂ ಎತ್ತಿದ್ದರು. 2024ರ ಡಿಸೆಂಬರ್ 27ರಂದು ಪಾರ್ಕ್ ಸಿಟಿಯಲ್ಲಿ ಇದು ಮತ್ತೆ ಕಂಡಿತು. ಬೆಳಗಿನ ಜಾವ ಸ್ಫೋಟಕ ಸಿಡಿಸಿ ಹಿಮಕುಸಿತ ತಡೆಯುವ, ಕಾಲು ಮುರಿದವರನ್ನು ಸ್ಲೆಡ್ ಮೇಲೆ ಇಳಿಸುವ ಸುಮಾರು 200 ಸ್ಕೀ ಪೆಟ್ರೋಲ್ ಸಿಬ್ಬಂದಿ, ಗಂಟೆಗೆ 21 ಡಾಲರ್ ಇದ್ದ ಆರಂಭದ ಸಂಬಳವನ್ನು 23ಕ್ಕೆ ಏರಿಸಿ ಎಂದು ಮುಷ್ಕರ ಹೂಡಿದರು. ಎರಡು ಡಾಲರಿನ ಜಗಳ, ವರ್ಷದಲ್ಲೇ ಅತಿ ಹೆಚ್ಚು ಜನ ಬರುವ ವಾರ. ಬೆಟ್ಟದ ಬಹುಭಾಗ ತೆರೆಯಲಿಲ್ಲ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರು ಸಿಬ್ಬಂದಿಯ ಪರವಾಗಿಯೇ ಕೂಗಿದರು. ಜನವರಿ ಎರಡನೇ ವಾರದ ಹೊತ್ತಿಗೆ ಬೇಡಿಕೆ ಈಡೇರಿತು. 2025ರ ಮೇ ತಿಂಗಳಲ್ಲಿ ವೇಲ್ ತನ್ನ ಮುಖ್ಯಸ್ಥರನ್ನು ಬದಲಿಸಿ, ಪಾಸ್ ಹುಟ್ಟಿಸಿದ ಕಾಟ್ಜ್ ಅವರನ್ನೇ ಮತ್ತೆ ಕರೆಸಿಕೊಂಡಿತು.

ಹಾಗಾದರೆ ಸ್ಕೀ ಆಡುವವರ ಅಭಿಪ್ರಾಯವೇನು? ಒಂದೇ ಬಾಯಲ್ಲಿ ಎರಡು ಮಾತು ಎನ್ನಬೇಕು. ಜನಜಂಗುಳಿ, ಎಲ್ಲ ಬೆಟ್ಟದಲ್ಲೂ ಒಂದೇ ರುಚಿಯ ಬರ್ಗರು, ಕಾರು ನಿಲ್ಲಿಸುವುದಕ್ಕೂ ಶುಲ್ಕ ಎಂದು ಬೈಯುತ್ತಾರೆ, ಬೈದುಕೊಂಡೇ ಮುಂದಿನ ವರ್ಷದ ಪಾಸ್ ಕೊಳ್ಳುತ್ತಾರೆ. ವರ್ಷಕ್ಕೆ ಇಪ್ಪತ್ತು ದಿನ ಆಡುವವನಿಗೆ ಸ್ಕೀ ಇಷ್ಟು ಅಗ್ಗವಾಗಿ ಹಿಂದೆಂದೂ ಸಿಕ್ಕಿರಲಿಲ್ಲ ಎಂಬುದು ನಿಜ. ಹಣ ಸುರಿದು ಹಾಕಿದ ಹೊಸ ಲಿಫ್ಟುಗಳೂ ನಿಜ. ಹೊಡೆತ ಬಿದ್ದದ್ದು ಒಮ್ಮೆ ನೋಡೋಣ ಎಂದು ಬರುವ ಹೊಸಬರಿಗೆ. ನಾಲ್ಕು ಜನರ ಸಂಸಾರ ರಜೆಯ ದಿನ ವೇಲ್ ಕೌಂಟರಿನಲ್ಲಿ ನಿಂತರೆ ಟಿಕೆಟ್ಟಿಗೇ ಸಾವಿರ ಡಾಲರಿಗೂ ಹೆಚ್ಚು ಇಟ್ಟುಕೊಂಡಿರಬೇಕು. ಅಂಥವರ ಅಸಮಾಧಾನ ಯಾವ ಮನವಿಯಲ್ಲೂ ದಾಖಲಾಗುವುದಿಲ್ಲ, ಏಕೆಂದರೆ ಅವರು ಮತ್ತೆ ಬರುವುದೇ ಇಲ್ಲ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್ ಬೆಟ್ಟವನ್ನು 1995ರಲ್ಲಿ ಆಡುವವರೇ ಸಹಕಾರಿ ಸಂಘ ಕಟ್ಟಿ ಕೊಂಡರು. ಅಲ್ಲಿ ಇಂದಿಗೂ ಒಬ್ಬರೇ ಕೂರುವ ಹಳೆಯ ಕುರ್ಚಿ ಲಿಫ್ಟ್ ಓಡುತ್ತದೆ, ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದು ಜಾರುವ ಸ್ನೋಬೋರ್ಡಿಗೆ ಪ್ರವೇಶವಿಲ್ಲ, ಆ ಹಟವೇ ಅವರ ಹೆಮ್ಮೆ. 2019ರಲ್ಲಿ ಹುಟ್ಟಿದ ಇಂಡಿ ಪಾಸ್, ಸ್ವತಂತ್ರ ಬೆಟ್ಟಗಳಲ್ಲಿ ತಲಾ ಎರಡೆರಡು ದಿನ ಆಡಲು ಬಿಡುತ್ತದೆ. ದೊಡ್ಡವರ ಉಪಾಯವನ್ನೇ ಸಣ್ಣವರು ಬಳಸಿಕೊಂಡರು. 2024ರಲ್ಲಿ ಪೌಡರ್ ಕಂಪನಿ ವರ್ಮಾಂಟಿನ ದೊಡ್ಡ ಬೆಟ್ಟ ಕಿಲ್ಲಿಂಗ್‌ಟನ್ನನ್ನು ಅಲ್ಲೇ ಆಡುತ್ತಾ ಬಂದ ಸ್ಥಳೀಯ ಹೂಡಿಕೆದಾರರ ಗುಂಪಿಗೆ ಮಾರಿತು.

ಇನ್ನು ಅರಾಪಾಹೋ ಬೇಸಿನ್. 1997ರಲ್ಲಿ ಸರ್ಕಾರ ಬೇರೆ ಮಾಡಿಸಿದ ಮೇಲೂ ಅದು ವೇಲ್ ಪಾಸಿನ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು. ಕಾರು ನಿಲ್ಲಿಸಲು ಜಾಗವೇ ಸಾಲುತ್ತಿಲ್ಲ, ಇಷ್ಟು ಜನ ನಮಗೆ ಬೇಡ ಎಂದು 2019ರಲ್ಲಿ ತಾನಾಗಿಯೇ ಹೊರಬಂದು, ಕೆಲವೇ ದಿನಗಳ ಮಿತಿಯಿಟ್ಟು ಐಕಾನ್ ಪಾಸಿಗೆ ಸೇರಿತು. ಗಿರಾಕಿಗಳನ್ನು ಬೇಡವೆಂದ ಬೆಟ್ಟ ಎಂದು ಆಗ ಎಲ್ಲೆಡೆ ಮಾತಾಯಿತು, ಖಾಯಂ ಆಡುವವರು ಕೊಂಡಾಡಿದರು. 2024ರಲ್ಲಿ ಅದನ್ನು ಆಲ್ಟೆರಾ ಕೊಂಡಿತು.