ಗುಂಡನ ಎದೆಯೊಳಗೆ ಏನಾಗಿತ್ತು?

ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಸದ್ದಿಗೆ ಗುಂಡ ಎಂದಿನಂತೆ ಓಡಿ ಬಂದ. ದೊಡ್ಡ ಬೆಕ್ಕಿಗೆ ಹಸುವಿನ ಹಾಲು ಅಷ್ಟು ಒಳ್ಳೇದಲ್ಲ ಅಂತ ನನಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ. ನಾಲ್ಕು ಗುಟುಕು ಕುಡಿದು ಕಿಟಕಿ ಕಟ್ಟೆ ಹತ್ತಿ ಕೂತ. ಏಳು ಗಂಟೆಗೆ ಒಂದು ಕೂಗು ಕೇಳಿಸಿತು. ಒಂದೇ ಸಲ, ಉದ್ದಕ್ಕೆ. ಹೋಗಿ ನೋಡಿದರೆ ಕಿಟಕಿ ಕೆಳಗೆ ಮಗ್ಗುಲಾಗಿ ಬಿದ್ದಿದ್ದ. ಮೈ ಬಿಸಿಯಿತ್ತು, ಕಣ್ಣು ತೆರೆದಿತ್ತು, ಪಕ್ಕೆ ಆಡುತ್ತಿರಲಿಲ್ಲ. ವಯಸ್ಸು ನಾಲ್ಕು. ಹಿಂದಿನ ತಿಂಗಳಷ್ಟೇ ರೇಬೀಸ್ ಲಸಿಕೆ ಹಾಕಿಸಿಕೊಂಡು ಬಂದಿದ್ದೆವು. "ಗಟ್ಟಿಮುಟ್ಟಾಗಿದ್ದಾನೆ" ಅಂದಿದ್ದರು ಡಾಕ್ಟರು.

ಹತ್ತು ಗಂಟೆಗೆ ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ಮಣ್ಣು ಮಾಡಿದೆವು. ಹನ್ನೊಂದಕ್ಕೆ ಕಾರಣಗಳು ಬರತೊಡಗಿದವು. ಎದುರುಮನೆಯವರು, "ಯಾರೋ ಇಲಿ ಪಾಷಾಣ ಇಟ್ಟಿರ್ತಾರೆ" ಅಂದರು. ಹಾಲಿನ ಹುಡುಗ, "ಹಾವು ಕಚ್ಚಿರುತ್ತೆ ಸಾರ್" ಅಂದ. ಊರಿಂದ ಅಮ್ಮ ಫೋನ್ ಮಾಡಿ, "ಮನೆಗೆ ಬರೋ ಕಂಟಕಾನ ಅದು ಹೊತ್ಕೊಂಡು ಹೋಯ್ತು, ಅಳಬೇಡ ಕಣೋ" ಅಂದಳು. ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಮೂರು ದಿನದ ಹಿಂದೆ ಮಹಡಿ ಮೆಟ್ಟಿಲು ಹತ್ತುವಾಗ ಅವನು ಅರ್ಧಕ್ಕೆ ನಿಂತಿದ್ದ. ಯಾಕೆ ನಿಂತ? ನಾನು ಆಗಲೇ ಗಮನಿಸಬೇಕಿತ್ತು ಅಲ್ವಾ?

ವಿಷ ಮತ್ತು ಹಾವಿನ ಮಾತನ್ನು ಮೊದಲು ಮುಗಿಸಿಬಿಡೋಣ. ಇಲಿ ಪಾಷಾಣಗಳಲ್ಲಿ ಒಂದು ಬಗೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದು ಕೆಲಸ ಮಾಡಲು ಕೆಲವು ದಿನಗಳೇ ಬೇಕು. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಬೇಗ ಕೊಲ್ಲುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕೂ ಮುಂಚೆ ವಾಂತಿ, ಒದ್ದಾಟ, ನಡುಕ ಕಾಣಿಸುತ್ತದೆ. ಕಟ್ಟುಹಾವು ಕಚ್ಚಿದರೆ ಗುರುತು ಸಿಗುವುದು ಕಷ್ಟ ನಿಜ, ಆದರೆ ಅದರ ವಿಷ ನರಗಳ ಕೆಲಸ ನಿಲ್ಲಿಸುತ್ತಾ ಹೋಗುತ್ತದೆ. ಕಾಲು ಸೋಲುತ್ತದೆ, ರೆಪ್ಪೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಹಾಲು ಕುಡಿದು ಕಟ್ಟೆಗೆ ನೆಗೆದ ಬೆಕ್ಕು ಅರ್ಧ ಗಂಟೆಯಲ್ಲಿ ಒಂದೇ ಕೂಗಿಗೆ ಹೋಗಬೇಕಾದರೆ ಮೊದಲು ಅನುಮಾನ ಪಡಬೇಕಾದ್ದು ಹೃದಯವನ್ನು. ಎದುರುಮನೆಯವರ ಮೇಲೆ ಗುಮಾನಿ ಪಟ್ಟು ಮಾತು ಬಿಟ್ಟವರನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳಿದೆ.

ನಾಲ್ಕು ಕಿಲೋ ತೂಗುವ ಬೆಕ್ಕಿನ ಹೃದಯ ಸಾಮಾನ್ಯವಾಗಿ 20 ಗ್ರಾಮಿನೊಳಗೆ ಇರುತ್ತದೆ. ಸಣ್ಣ ಬೆಟ್ಟದ ನೆಲ್ಲಿಕಾಯಿಯಷ್ಟು. ಅದು ನಿಮಿಷಕ್ಕೆ 140ರಿಂದ 220 ಸಲ ಬಡಿಯುತ್ತದೆ. ಬೆಕ್ಕುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಹೃದಯದ ಕಾಯಿಲೆ ಎಂದರೆ ಅದರ ಗೋಡೆಯ ಸ್ನಾಯು ದಪ್ಪವಾಗುವುದು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೊಪತಿ ಅಂತ ಹೆಸರು. ಡಾಕ್ಟರುಗಳು ಸುಮ್ನೆ 'ಎಚ್‌ಸಿಎಂ' ಅನ್ನುತ್ತಾರೆ. ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡಗಡೆಯ ಕೆಳಗಿನ ಕೋಣೆಯ, ಗೋಡೆ 6 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಿದ್ದರೆ ಅನುಮಾನ ಬರುತ್ತದೆ. ಸ್ನಾಯು ದಪ್ಪವಾದರೆ ಬಲ ಬರಬೇಕಲ್ಲ ಅನ್ನಿಸಬಹುದು. ಆಗುವುದು ಉಲ್ಟಾ. ಗೋಡೆ ಒಳಮುಖವಾಗಿ ಬೆಳೆದು ರಕ್ತ ತುಂಬುವ ಜಾಗ ಕಿರಿದಾಗುತ್ತದೆ. ಬಿಗಿಯಾದ ಸ್ನಾಯು ಸಡಿಲಗೊಂಡು ರಕ್ತ ತುಂಬಿಸಿಕೊಳ್ಳಲು ಒದ್ದಾಡುತ್ತದೆ.

ಇಲ್ಲಿಂದ ಮುಂದೆ ಮೂರು ದಾರಿ. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಇನ್ನೊಂದು, ಹಿಗ್ಗಿದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುವುದು. ಆ ಹೆಪ್ಪು ಮಹಾಧಮನಿಗೆ ಜಾರಿ, ಅದು ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಂಡರೆ ಬೆಕ್ಕು ನೋವಿನಿಂದ ಚೀರುತ್ತದೆ, ಹಿಂಗಾಲು ಎಳೆಯುತ್ತದೆ, ಪಾದ ತಣ್ಣಗಾಗುತ್ತದೆ. ಹಾಗೆ ಕಂಡರೆ ಆ ಕ್ಷಣವೇ ಡಾಕ್ಟರ ಹತ್ತಿರ ಓಡಬೇಕು. ಮೂರನೆಯದು ಸದ್ದಿಲ್ಲದ್ದು. ಹೃದಯ ಬಡಿಯುವುದು ಒಂದು ವಿದ್ಯುತ್ ಅಲೆ ಶಿಸ್ತಾಗಿ ಹರಿಯುವುದರಿಂದ. ದಪ್ಪವಾದ, ಅಲ್ಲಲ್ಲಿ ಕಲೆಗಟ್ಟಿದ ಸ್ನಾಯುವಿನಲ್ಲಿ ಆ ಅಲೆ ದಾರಿ ತಪ್ಪಿ ಸುಳಿಯಾಗಿ ಸುತ್ತಬಹುದು. ಆಗ ಹೃದಯ ಹಿಂಡುವುದನ್ನು ಬಿಟ್ಟು ಸುಮ್ಮನೆ ಅದುರುತ್ತದೆ. ರಕ್ತ ನಿಲ್ಲುತ್ತದೆ. ಕೆಲವು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ.

ಈ ಕಾಯಿಲೆ ಎಷ್ಟು ಸಾಮಾನ್ಯ? ಬ್ರಿಟನ್ನಿನ ಆಶ್ರಯ ಕೇಂದ್ರಗಳಲ್ಲಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದ 780 ಬೆಕ್ಕುಗಳಿಗೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ ಸುಮಾರು 15ರಲ್ಲಿ ಎಚ್‌ಸಿಎಂ ಕಂಡಿತು. ಬಹುಪಾಲು ಬೆಕ್ಕುಗಳು ಇದನ್ನು ಇಟ್ಟುಕೊಂಡೇ ಬಾಳುತ್ತವೆ ಅನ್ನುವುದೂ ನಿಜ. ಸ್ಟೆತಾಸ್ಕೋಪು ಇಟ್ಟರೆ ಗೊತ್ತಾಗುತ್ತದೆಯೇ? ನೆಚ್ಚುವಂತಿಲ್ಲ. ಬಡಿತದ ನಡುವೆ ಮರ್ಮರ ಎಂಬ ಹೆಚ್ಚುವರಿ ಸದ್ದು ಕೇಳಿಸಿದ ಎಷ್ಟೋ ಬೆಕ್ಕುಗಳ ಹೃದಯ ಸರಿಯಾಗಿರುತ್ತದೆ, ಕಾಯಿಲೆಯಿದ್ದ ಕೆಲವಲ್ಲಿ ಮರ್ಮರವೇ ಇರುವುದಿಲ್ಲ. ಹಾಗಾಗಿ ನಮ್ಮ ಡಾಕ್ಟರು "ಗಟ್ಟಿಮುಟ್ಟು" ಅಂದದ್ದು ಸುಳ್ಳೂ ಅಲ್ಲ, ಅಸಡ್ಡೆಯೂ ಅಲ್ಲ.

ಇದಕ್ಕೆ ವಂಶದ ಎಳೆಯೂ ಇದೆ. ಮೈನ್ ಕೂನ್ ತಳಿಯಲ್ಲಿ 'ಎಂವೈಬಿಪಿಸಿ3' ಎಂಬ ಜೀನಿನ ದೋಷ 2005ರಲ್ಲಿ ಪತ್ತೆಯಾಯಿತು. ಸ್ನಾಯುವಿನ ಎಳೆಗಳನ್ನು ಹದದಲ್ಲಿಡುವ ಒಂದು ಪ್ರೋಟೀನಿನ ಜೀನು ಅದು. ಸ್ವಾರಸ್ಯ ಏನೆಂದರೆ, ಇದೇ ಜೀನಿನ ಇನ್ನೊಂದು ದೋಷ ನಮ್ಮಲ್ಲೂ ಇದೆ. ಡಿಎನ್‌ಎಯ 25 ಅಕ್ಷರ ಬಿಟ್ಟುಹೋದ ಒಂದು ರೂಪ ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿದೆ ಎಂದು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳಿದ್ದ ತಂಡ 2009ರಲ್ಲಿ ತೋರಿಸಿತು. ಆಟದ ಮೈದಾನದಲ್ಲಿ ಎಳೆ ವಯಸ್ಸಿನವರು ಕುಸಿದು ಬೀಳುವ ಸುದ್ದಿ ಓದುತ್ತೇವಲ್ಲ, ಅದರ ಮುಖ್ಯ ಕಾರಣಗಳಲ್ಲಿ ಮನುಷ್ಯರ ಎಚ್‌ಸಿಎಂ ಕೂಡ ಒಂದು. ಗುಂಡ ಮೈನ್ ಕೂನ್ ಏನಲ್ಲ, ಚರಂಡಿ ಪಕ್ಕ ಸಿಕ್ಕ ಅಪ್ಪಟ ಬೀದಿ ಬೆಕ್ಕು. ಬೀದಿ ಬೆಕ್ಕುಗಳಿಗೂ ಈ ಕಾಯಿಲೆ ಬರುತ್ತದೆ.

ಅವನಿಗೆ ಇದೇ ಆಗಿತ್ತಾ? ತಿಳಿಯುವ ದಾರಿಯನ್ನು ನಾವೇ ಮಣ್ಣಿನಲ್ಲಿ ಮುಚ್ಚಿದೆವು. ಪ್ರಾಣಿಗಳಿಗೂ ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ರೋಗಶಾಸ್ತ್ರ ವಿಭಾಗದಲ್ಲಿ ವಿಚಾರಿಸಬಹುದು. ದೇಹವನ್ನು ಫ್ರಿಜ್ಜಿನ ತಂಪಿನಲ್ಲಿ ಅಥವಾ ಐಸ್ ಪ್ಯಾಕ್ ಜೊತೆ ಇಟ್ಟು, ಆದಷ್ಟು ಬೇಗ, ಒಂದು ದಿನದೊಳಗೆ ತಲುಪಿಸಬೇಕು. ಫ್ರೀಜರಿನಲ್ಲಿ ಮಾತ್ರ ಇಡಬಾರದು. ನೀರು ಮಂಜುಗಡ್ಡೆಯಾಗಿ ಜೀವಕೋಶಗಳನ್ನು ಹರಿದುಹಾಕುತ್ತದೆ, ಸೂಕ್ಷ್ಮದರ್ಶಕದಲ್ಲಿ ಆಮೇಲೆ ಸರಿಯಾಗಿ ನೋಡುವುದು ಕಷ್ಟ. ಅಳುತ್ತಾ ಕೂತವರಿಗೆ ಇದೆಲ್ಲ ಹೊಳೆಯುವುದಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಉತ್ತರ ಸಿಗುತ್ತಿತ್ತು ಅನ್ನುವ ಗ್ಯಾರಂಟಿ ಇಲ್ಲ. ದಾರಿ ತಪ್ಪಿದ ಅಲೆ ಹಿಂದೆ ಗುರುತು ಬಿಟ್ಟು ಹೋಗುವುದಿಲ್ಲ.

ಇನ್ನು ಆ ಮೆಟ್ಟಿಲಿನ ವಿಷಯ.

1975ರಲ್ಲಿ ಬರೂಕ್ ಫಿಷ್‌ಹಾಫ್ ಎಂಬ ಮನಃಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. 1814ರಲ್ಲಿ ಬ್ರಿಟಿಷರಿಗೂ ನೇಪಾಳದ ಗೂರ್ಖರಿಗೂ ನಡೆದ ಕಾದಾಟದ ವಿವರವನ್ನು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಬ್ರಿಟಿಷರು ಗೆದ್ದರು ಅಂತ ಹೇಳಿದರು, ಕೆಲವರಿಗೆ ಗೂರ್ಖರು ಗೆದ್ದರು ಅಂತ, ಕೆಲವರಿಗೆ ಏನೂ ಹೇಳಲಿಲ್ಲ. ಯಾವ ಫಲಿತಾಂಶ ಹೇಳಿದ್ದರೋ ಅದೇ ಆಗುವ ಸಂಭವ ಜಾಸ್ತಿ ಇತ್ತು ಅಂತ ಜನ ಅಂದರು. ಓದಿದ್ದು ಎಲ್ಲರೂ ಒಂದನ್ನೇ! ಕೊನೆ ಗೊತ್ತಾದ ಮೇಲೆ ಮನಸ್ಸು ಹಿಂದಕ್ಕೆ ಹೋಗಿ ಸುಳಿವುಗಳನ್ನು ಹೆಕ್ಕುತ್ತದೆ. ಗುಂಡ ಬದುಕಿದ್ದಿದ್ದರೆ ಅವನು ಮೆಟ್ಟಿಲಲ್ಲಿ ನಿಂತದ್ದು ನನಗೆ ನೆನಪೇ ಇರುತ್ತಿರಲಿಲ್ಲ. ಬೆಕ್ಕುಗಳು ಮೆಟ್ಟಿಲಲ್ಲಿ ನಿಲ್ಲುತ್ತವೆ, ಹಲ್ಲಿ ನೋಡುತ್ತವೆ, ಹೋಗುತ್ತವೆ. ಮೇಲಾಗಿ ಬೆಕ್ಕು ಕಾಯಿಲೆ ಮುಚ್ಚಿಡುವುದರಲ್ಲಿ ಪಳಗಿದ ಪ್ರಾಣಿ. ಒಂಟಿಯಾಗಿ ಬೇಟೆಯಾಡುವ, ತನಗಿಂತ ದೊಡ್ಡದಕ್ಕೆ ತಾನೇ ಬೇಟೆಯಾಗಬಹುದಾದ ಜೀವಕ್ಕೆ ನೋವು ತೋರಿಸಿಕೊಂಡರೆ ಕೆಡುಕೇ ಹೆಚ್ಚು.

ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ನಮ್ಮಲ್ಲೊಂದು ಮಾತಿದೆ. ಆ ವಾರವೆಲ್ಲ ನನಗೆ ಒಂದು ಚಿನ್ನದ ಬೆಕ್ಕಿನ ಸಾಲ ಬಾಕಿ ಇದೆ ಅನ್ನಿಸುತ್ತಿತ್ತು. ಆಫೀಸಿಗೆ ಮರುದಿನವೇ ಹೋದೆ. ಬೆಕ್ಕು ಸತ್ತಿತು, ರಜೆ ಬೇಕು ಅಂತ ಯಾವ ಬಾಯಲ್ಲಿ ಕೇಳುವುದು? ಮನುಷ್ಯರು ಹೋದರೆ ಸೂತಕ ಅಂತ ಇಷ್ಟು ದಿನ ಇದೆ, ಬಂದು ಹೋಗುವವರಿದ್ದಾರೆ, ಅಳುವುದಕ್ಕೊಂದು ಮೂಲೆ ಇದೆ. ಬೆಕ್ಕಿಗೆ ಅದಾವುದೂ ಇಲ್ಲ. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖಕ್ಕೆ ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲೇ ಒಂದು ಹೆಸರು ಕೊಟ್ಟರು. ಹಕ್ಕಿಲ್ಲದ ದುಃಖ ಅನ್ನಬಹುದು ಕನ್ನಡದಲ್ಲಿ. ನಾವು ಮಾಡಿದ್ದು ಇಷ್ಟೇ: ಹತ್ತು ದಿನ ರಾತ್ರಿ ಊಟದ ಹೊತ್ತಿಗೆ ಅವನ ಬಗ್ಗೆ ಮಾತಾಡಿದೆವು. ಮಗಳು ಅವನ ತಟ್ಟೆಯನ್ನು ಎತ್ತಿಡಲು ಬಿಡಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಚುಕ್ಕಿ, ಗುಂಡನ ಒಡಹುಟ್ಟಿದವಳು. ಕಿಟಕಿ ಕೆಳಗಿನ ನೆಲವನ್ನು ಎರಡು ದಿನ ಮೂಸಿದಳು, ಊಟ ಕಡಿಮೆ ಮಾಡಿದಳು. ಜೊತೆಯ ಪ್ರಾಣಿ ಸತ್ತಾಗ ಬೆಕ್ಕುಗಳ ಊಟ, ನಿದ್ದೆ, ಆಟ ಕಡಿಮೆಯಾದದ್ದನ್ನು ಅಮೆರಿಕದ ಓಕ್ಲಂಡ್ ವಿಶ್ವವಿದ್ಯಾಲಯದವರು 2024ರಲ್ಲಿ ವರದಿ ಮಾಡಿದ್ದಾರೆ. ಸಾಕಿದವರೇ ತಮ್ಮ ದುಃಖವನ್ನು ಬೆಕ್ಕಿನ ಮುಖದಲ್ಲಿ ನೋಡುತ್ತಿರಬಹುದು ಎಂಬ ಎಚ್ಚರಿಕೆಯನ್ನೂ ಅವರೇ ಸೇರಿಸಿದ್ದಾರೆ. ಇರಬಹುದು, ನಾನೂ ಹಾಗೇ ನೋಡಿರಬಹುದು.

ಒಂದೇ ಬಸಿರಿನವರಾದ್ದರಿಂದ ಚುಕ್ಕಿಗೆ ಎಕೋ ಮಾಡಿಸಿದೆವು. ಪಕ್ಕೆಯ ಕೂದಲು ಒಂದಿಷ್ಟು ಬೋಳಿಸಿ, ತಣ್ಣನೆ ಜೆಲ್ ಹಚ್ಚಿದಾಗ ಡಾಕ್ಟರಿಗೆ ಉಗುರು ತೋರಿಸಿದಳು. ಗೋಡೆ 4.5 ಮಿಲಿಮೀಟರ್. "ಇವತ್ತಿಗೆ ಸರಿಯಿದೆ. ಈ ಕಾಯಿಲೆ ತಡವಾಗಿಯೂ ಬರಬಹುದು, ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ" ಅಂದರು. ಒಂದು ಮನೆಗೆಲಸವನ್ನೂ ಕೊಟ್ಟರು: ಗಾಢ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ, ನಿಮಿಷಕ್ಕೆ 30ರೊಳಗೆ ಇರಬೇಕು, ಪದೇ ಪದೇ ದಾಟಿದರೆ ಕರೆದುಕೊಂಡು ಬನ್ನಿ.

ಈಗ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಾಕದೆ, ಬೀದಿ ದೀಪದ ಬೆಳಕಲ್ಲಿ ಅವಳ ಪಕ್ಕೆ ನೋಡುತ್ತಾ ಕೂರುತ್ತೇನೆ. ಮೇಲೆ ಹೋಗಿ ಕೆಳಗೆ ಬಂದರೆ ಒಂದು. ನಿನ್ನೆ ಅರ್ಧ ನಿಮಿಷಕ್ಕೆ ಹನ್ನೊಂದು. ಲೆಕ್ಕ ತಪ್ಪಿತೇನೋ ಅಂತ ಇನ್ನೊಮ್ಮೆ ಎಣಿಸಲು ಹೋದಾಗ ಒಂದು ಕಣ್ಣು ಬಿಟ್ಟು ನೋಡಿ, ಎದ್ದು ಹೋಗಿ ಬೀರು ಮೇಲೆ ಮಲಗಿದಳು.