ಪಯೋಟ್‌ನಿಂದ ಫೋನ್ ಬರೋವರೆಗೆ: ಟೆಕ್ಸಸ್ ತನ್ನ ಮಕ್ಕಳನ್ನ ದೂರಕ್ಕೆ ಕಳಿಸಿದ ಕತೆ

ಅಮೆರಿಕದ ಟೆಕ್ಸಸ್ ರಾಜ್ಯದ ಪಶ್ಚಿಮಕ್ಕೆ ಪಯೋಟ್ ಅಂತ ಒಂದು ಊರಿದೆ. ಊರು ಅಂದ್ರೆ ನೂರು ನೂರೈವತ್ತು ಜನ ಅಷ್ಟೇ, ಸುತ್ತಾ ಬೆಂಗಾಡು, ಎಣ್ಣೆ ಬಾವಿಗಳು. ಎರಡನೇ ಮಹಾಯುದ್ಧದ ಟೈಮಲ್ಲಿ ಅಲ್ಲಿ ಬಾಂಬರ್ ವಿಮಾನಗಳ ಬೇಸ್ ಇತ್ತು, ಹಿರೋಷಿಮಾ ಮೇಲೆ ಬಾಂಬ್ ಹಾಕಿದ ಎನೋಲಾ ಗೇ ವಿಮಾನವನ್ನೂ ಯುದ್ಧ ಆದ್ಮೇಲೆ ಸ್ವಲ್ಪ ಕಾಲ ಅಲ್ಲೇ ತಂದು ನಿಲ್ಲಿಸಿದ್ರು. ಬೇಡದ ವಿಮಾನ ನಿಲ್ಲಿಸೋಕೆ ಅಂತ ಬಳಸಿದ ಅದೇ ಜಾಗಕ್ಕೆ ಆಮೇಲೆ ಸರ್ಕಾರ ಹುಡುಗರನ್ನ ಕಳಿಸ್ತು. ವೆಸ್ಟ್ ಟೆಕ್ಸಸ್ ಸ್ಟೇಟ್ ಸ್ಕೂಲ್ ಅಂತ ಹೆಸರು, ನಡೆಸ್ತಿದ್ದದ್ದು ಟೆಕ್ಸಸ್ ಯೂತ್ ಕಮಿಷನ್, ಅಂದ್ರೆ ತಪ್ಪು ಮಾಡಿದ ಮಕ್ಕಳನ್ನ ನೋಡಿಕೊಳ್ಳೋ ರಾಜ್ಯದ ಇಲಾಖೆ. ಹೆಸರಿಗೆ ಸ್ಕೂಲು, ನಮ್ಮ ಕಡೆ ರಿಮ್ಯಾಂಡ್ ಹೋಮ್ ಅಂತೀವಲ್ಲ ಆ ಥರದ್ದೇ, ಆದ್ರೆ ಇನ್ನೂ ಬಿಗಿ.

ಇದು ಪಯೋಟ್‌ನಿಂದ ಶುರುವಾದ ಕತೆ ಅಲ್ಲ. 1889ರಲ್ಲಿ ದೊಡ್ಡವರ ಜೈಲಿಂದ 68 ಹುಡುಗರನ್ನ ಗೇಟ್ಸ್‌ವಿಲ್ ಅನ್ನೋ ಊರಿಗೆ ಸಾಗಿಸಿದ್ರು, ದೊಡ್ಡ ಕೈದಿಗಳ ಜೊತೆ ಮಕ್ಕಳು ಇರಬಾರದು ಅನ್ನೋ ಒಳ್ಳೇ ಉದ್ದೇಶಕ್ಕೇ. ಹೊಲದ ಕೆಲಸ, ಶಿಸ್ತು, ಶುದ್ಧ ಗಾಳಿ, ಇದ್ರಿಂದ ಹುಡುಗರು ಸರಿಹೋಗ್ತಾರೆ ಅಂತ ಆಗ ನಂಬಿದ್ರು. ಆದ್ರೆ ಆ ದೂರಕ್ಕೆ ಅಪ್ಪ ಅಮ್ಮ ಬರಲ್ಲ, ವಕೀಲರು ಬರಲ್ಲ, ಪೇಪರಿನವರೂ ಬರಲ್ಲ. 1971ರಲ್ಲಿ ಎಲ್ ಪಾಸೊದ ವಕೀಲ ಸ್ಟೀವನ್ ಬರ್ಕು, ಸರಿಯಾಗಿ ವಿಚಾರಣೆಯೇ ಇಲ್ಲದೆ ಮಕ್ಕಳನ್ನ ಒಳಗೆ ಹಾಕ್ತಿದ್ದಾರೆ ಅಂತ ಕಂಡು ಕೇಸ್ ಹಾಕಿದ್ರು, ಅದೇ ಮೊರಾಲಿಸ್ ವರ್ಸಸ್ ಟರ್ಮನ್. ಕೋರ್ಟಲ್ಲಿ ಹೊರಬಿದ್ದದ್ದು ಓದಿದ್ರೆ ಹೊಟ್ಟೆ ಕಿವುಚುತ್ತೆ. ಗೇಟ್ಸ್‌ವಿಲ್ ಪಕ್ಕದ ಮೌಂಟನ್ ವ್ಯೂ ಕ್ಯಾಂಪಸ್‌ನಲ್ಲಿ ಹುಡುಗರನ್ನ ಸಾಲಾಗಿ ನಿಲ್ಲಿಸಿ ಕೈಗೆ ಪಿಕಾಸಿ ಕೊಟ್ಟು ನೆಲ ಅಗೆಸ್ತಿದ್ರು, ಬಿತ್ತನೆಗಲ್ಲ, ಅಡಿಪಾಯಕ್ಕೂ ಅಲ್ಲ, ಸುಮ್ನೆ ಗಂಟೆಗಟ್ಟಲೆ, ಪಕ್ಕದವನ ಜೊತೆ ಒಂದು ಮಾತೂ ಆಡೋ ಹಾಗಿಲ್ಲ. ಅಶ್ರುವಾಯು ಬಿಡ್ತಿದ್ರು. ಮನೇಲಿ ಸ್ಪ್ಯಾನಿಶ್ ಮಾತಾಡೋ ಮಕ್ಕಳಿಗೆ ಅವರ ಭಾಷೇನೇ ಆಡಬೇಡ ಅಂತಿದ್ರು. 1974ರಲ್ಲಿ ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಇದು ಸಂವಿಧಾನಕ್ಕೆ ವಿರುದ್ಧವಾದ ಕ್ರೂರ ಶಿಕ್ಷೆ ಅಂತ ತೀರ್ಪು ಕೊಟ್ರು, ಆ ದಶಕ ಮುಗಿಯೋದ್ರೊಳಗೆ ಎರಡು ಕ್ಯಾಂಪಸ್‌ಗೂ ಬೀಗ ಬಿತ್ತು. ಮೌಂಟನ್ ವ್ಯೂ ಆಮೇಲೆ ಹೆಂಗಸರ ಜೈಲಾಯ್ತು.

ತೀರ್ಪಿಂದ ಒಳ್ಳೇದಾಯ್ತು, ಇಲ್ಲ ಅನ್ನಲ್ಲ, ಆದ್ರೆ ದೂರದ ಜಾಗ ಹುಡುಕೋ ಚಾಳಿ ಹೋಗ್ಲಿಲ್ಲ. 90ರ ದಶಕದಲ್ಲಿ ಕಾನೂನು ಬಿಗಿ ಮಾಡಿದ್ರು, ಒಳಗಿರೋ ಮಕ್ಕಳ ಸಂಖ್ಯೆ ಏರ್ತು. ಕೆಲಸ ಇಲ್ಲದ ಚಿಕ್ಕ ಊರುಗಳಿಗೆ ಇಂಥ ಕ್ಯಾಂಪಸ್ ಬಂದ್ರೆ ಸರ್ಕಾರಿ ನೌಕರಿ ಬಂದ ಹಾಗೆ, ಹಾಗಾಗಿ ಒಂದ್ಸಲ ಬಂದದ್ದನ್ನ ಯಾರೂ ಬಿಟ್ಟುಕೊಡಲ್ಲ. ಹ್ಯೂಸ್ಟನ್‌ನ ಹುಡುಗನನ್ನ ಪಯೋಟ್‌ಗೆ ಹಾಕಿದ್ರೆ ಸುಮಾರು 900 ಕಿಲೋಮೀಟರ್, ಅವನಮ್ಮ ಒಂದು ಭಾನುವಾರ ನೋಡಿಕೊಂಡು ಬರೋ ಮಾತೇ ಅಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೆಚ್ಚಿನ ಮಕ್ಕಳಿಗೆ ಬಿಡುಗಡೆ ದಿನ ಅಂತ ಫಿಕ್ಸ್ ಇರ್ತಿರ್ಲಿಲ್ಲ, ಕನಿಷ್ಠ ಇಷ್ಟು ತಿಂಗಳು ಅಂತ ಇರ್ತಿತ್ತು, ಆಮೇಲೆ ಹಂತ ಹಂತವಾಗಿ ಪಾಸಾಗಬೇಕು, ಪಾಸೋ ಫೇಲೋ ಅಂತ ಹೇಳೋರು ಅಲ್ಲಿನ ಸ್ಟಾಫೇ. ಅಂದ್ರೆ ಮನೆಗೆ ಹೋಗೋ ದಾರಿಯ ಬೀಗದ ಕೈ ಯಾರ ಜೇಬಲ್ಲಿದೆಯೋ ಅವರು ಏನು ಕೇಳಿದ್ರೂ ಹುಡುಗ ಹೇಗೆ ಬೇಡ ಅಂತಾನೆ?

2005ರ ಫೆಬ್ರವರಿಯಲ್ಲಿ ಪಯೋಟ್‌ನಲ್ಲಿ ಗಣಿತ ಹೇಳಿಕೊಡ್ತಿದ್ದ ಒಬ್ಬ ವಾಲಂಟಿಯರ್ ಹತ್ರ ಹುಡುಗರು ಬಾಯಿಬಿಟ್ರು, ಆತ ಟೆಕ್ಸಸ್ ರೇಂಜರ್, ಅಂದ್ರೆ ರಾಜ್ಯದ ತನಿಖಾ ಪೊಲೀಸ್, ಬ್ರಯಾನ್ ಬುರ್ಜಿನ್‌ಸ್ಕಿಗೆ ಫೋನ್ ಮಾಡಿದ. ಲೈಂಗಿಕ ದೌರ್ಜನ್ಯದ ಆರೋಪ ಅಲ್ಲಿನ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಮತ್ತೆ ಪ್ರಿನ್ಸಿಪಾಲ್ ಮೇಲೆ. ರೇಂಜರ್ ತನಿಖೆ ಮಾಡಿ ಫೈಲ್ ಕೊಟ್ರು, ಆದ್ರೆ ಕೇಸ್ ನಡೆಸಬೇಕಾದ ಸ್ಥಳೀಯ ಸರ್ಕಾರಿ ವಕೀಲರ ಹತ್ರ ಅದು ಎರಡು ವರ್ಷ ಹಾಗೇ ಬಿದ್ದಿತ್ತು, ಕೇಂದ್ರ ಸರ್ಕಾರದ ವಕೀಲರೂ ಕೈಗೆತ್ತಿಕೊಳ್ಳಲಿಲ್ಲ. ಆರೋಪಿಗಳಿಬ್ಬರೂ ರಾಜೀನಾಮೆ ಕೊಟ್ಟು ಹೊರಟುಹೋದ್ರು. 2007ರ ಫೆಬ್ರವರಿಯಲ್ಲಿ ಟೆಕ್ಸಸ್ ಅಬ್ಸರ್ವರ್, ಡಲ್ಲಾಸ್ ಮಾರ್ನಿಂಗ್ ನ್ಯೂಸ್ ಪತ್ರಿಕೆಗಳು ಬರೆದ ಮೇಲೇ ರಾಜ್ಯ ಎಚ್ಚೆತ್ತಿದ್ದು. ಅಸಿಸ್ಟೆಂಟ್ ಸೂಪರಿಂಟೆಂಡೆಂಟ್‌ಗೆ 2010ರಲ್ಲಿ 10 ವರ್ಷ ಶಿಕ್ಷೆ ಆಯ್ತು, ಪ್ರಿನ್ಸಿಪಾಲ್ 2011ರಲ್ಲಿ ಖುಲಾಸೆಯಾದ್ರು.

2007ರಲ್ಲೇ ಗವರ್ನರ್ ರಿಕ್ ಪೆರ್ರಿ ಯೂತ್ ಕಮಿಷನ್ನನ್ನ ಬೇರೆಯವರ ಉಸ್ತುವಾರಿಗೆ ಕೊಟ್ರು, ಅದೇ ವರ್ಷ ಹೊಸ ಕಾನೂನು ಬಂತು: ಸಣ್ಣಪುಟ್ಟ ತಪ್ಪಿಗೆ ಅಲ್ಲಿಗೆ ಕಳಿಸೋ ಹಾಗಿಲ್ಲ, ಇಟ್ಟುಕೊಳ್ಳೋ ವಯಸ್ಸು 21ರಿಂದ 19ಕ್ಕೆ, ದೂರು ಕೇಳೋಕೆ ಬೇರೇನೇ ಒಂಬಡ್ಸ್‌ಮನ್. ಆಗ ನಾಲ್ಕೂವರೆ ಸಾವಿರಕ್ಕಿಂತ ಜಾಸ್ತಿ ಇದ್ದ ಮಕ್ಕಳು ಬರ್ತಾ ಬರ್ತಾ ಸಾವಿರದೊಳಗೆ ಬಂದ್ರು, ಇದು ನಿಜಕ್ಕೂ ದೊಡ್ಡ ವಿಷಯ. ಪಯೋಟ್ 2010ರಲ್ಲಿ ಮುಚ್ಚಿತು. 2011ರಲ್ಲಿ ಕಮಿಷನ್ನನ್ನೇ ಇನ್ನೊಂದು ಇಲಾಖೆ ಜೊತೆ ಸೇರಿಸಿ ಟೆಕ್ಸಸ್ ಜುವೆನೈಲ್ ಜಸ್ಟಿಸ್ ಡಿಪಾರ್ಟ್‌ಮೆಂಟ್ ಅಂತ ಮಾಡಿದ್ರು.

ಉಳಿದ ಐದು ಕ್ಯಾಂಪಸ್ ಎಲ್ಲಿವೆ ಅಂದ್ರೆ ಗಿಡ್ಡಿಂಗ್ಸ್, ಗೇನ್ಸ್‌ವಿಲ್, ಮಾರ್ಟ್, ಬ್ರೌನ್‌ವುಡ್, ಮೆಕ್ಸಿಕೋ ಗಡಿ ಕಡೆ ಎಡಿನ್‌ಬರ್ಗ್. ಅಲ್ಲೆಲ್ಲಾ ಕೆಲಸಕ್ಕೆ ಜನ ಸಿಗೋದೇ ಕಷ್ಟ. 2022ರಲ್ಲಿ ಸ್ಟಾಫ್ ಎಷ್ಟು ಕಮ್ಮಿಯಾದ್ರು ಅಂದ್ರೆ ಕೆಲವು ಮಕ್ಕಳನ್ನ ದಿನಕ್ಕೆ 22-23 ಗಂಟೆ ಸೆಲ್ಲಲ್ಲೇ ಕೂಡಿಹಾಕಿದ್ರು, ಬಾತ್‌ರೂಮಿಗೆ ಕರ್ಕೊಂಡು ಹೋಗೋರಿಲ್ಲದೆ ಮಕ್ಕಳು ನೀರಿನ ಬಾಟಲಿಗೇ ಉಚ್ಚೆ ಹುಯ್ಯಬೇಕಾಯ್ತು. 2024ರ ಆಗಸ್ಟಲ್ಲಿ ಅಮೆರಿಕದ ನ್ಯಾಯ ಇಲಾಖೆಯ ರಿಪೋರ್ಟ್ ಬಂತು, ಮೊರಾಲಿಸ್ ತೀರ್ಪಿಗೆ ಸರಿಯಾಗಿ 50 ವರ್ಷ ಆಗಿತ್ತು. ಐದೂ ಕ್ಯಾಂಪಸ್‌ನಲ್ಲಿ ಮಕ್ಕಳ ಸಾಂವಿಧಾನಿಕ ಹಕ್ಕು ಉಲ್ಲಂಘನೆ ಆಗ್ತಿದೆ ಅಂತ ಅದ್ರಲ್ಲಿದೆ: ಲೈಂಗಿಕ ದೌರ್ಜನ್ಯದಿಂದ ರಕ್ಷಣೆ ಇಲ್ಲ, ಒಂಟಿಯಾಗಿ ಕೂಡಿಹಾಕೋದು ನಿಂತಿಲ್ಲ, ಅಶ್ರುವಾಯು ಬದಲು ಈಗ ಪೆಪ್ಪರ್ ಸ್ಪ್ರೇ.