ಹೊಲಕ್ಕೆ ಒಂದು ಅಗುಳು ಸಾಲದು

ಸಿಂಧನೂರಿನ ಕಡೆ ಭತ್ತದ ಗದ್ದೆಗಳನ್ನು ಗಮನಿಸಿ. ಕಾಲುವೆ ನೀರು ಬರುವ ತೂಬಿನ ಹತ್ತಿರ ಪೈರು ಸೊಂಪಾಗಿರುತ್ತದೆ. ಕೆಳತುದಿಯಲ್ಲಿ ನೀರು ನಿಂತು ಸವಳಾಗಿದ್ದರೆ ನೆಲದ ಮೇಲೆ ಬಿಳಿ ಉಪ್ಪು, ಪೈರು ಗಿಡ್ಡ. ಬೀಜ ಒಂದೇ, ಗೊಬ್ಬರವೂ ಒಂದೇ. ಹೀಗಿರುವಾಗ ತೂಬಿನ ಪಕ್ಕದ ನಾಲ್ಕು ತೆನೆ ಹಿಡಿದು 'ಹೊಸ ತಳಿಯ ಕಮಾಲ್ ನೋಡಿ' ಅಂದರೆ ನಂಬೋದು ಹೇಗೆ? ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಹಿಸುಕಿದರೆ ಸಾಕು. ಹೊಲ ಹಾಗಲ್ಲ.

ಇದಕ್ಕಿರುವ ಉಪಾಯ ನನಗೆ ತುಂಬಾ ಇಷ್ಟ. ತೂಬಿನಿಂದ ಕೆಳತುದಿಯವರೆಗೆ ಗದ್ದೆಯನ್ನು ಅಡ್ಡಡ್ಡ ಮೂರು ಪಟ್ಟಿ ಮಾಡಿ. ಒಂದೊಂದು ಪಟ್ಟಿಯಲ್ಲೂ ಹೊಸ ತಳಿ, ಹಳೆ ತಳಿ ಎರಡೂ ಅಕ್ಕಪಕ್ಕ ಇರಲಿ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಿ. ನಮ್ಮ ಇಷ್ಟಕ್ಕೆ ಬಿಟ್ಟರೆ ನೆಚ್ಚಿನ ತಳಿಗೆ ಒಳ್ಳೆ ಜಾಗವೇ ಸಿಗುತ್ತದೆ, ಅಲ್ವಾ? ಮೇಲಿನ ಪಟ್ಟಿಯಲ್ಲಿ ಎಕರೆ ಲೆಕ್ಕಕ್ಕೆ ಹೊಸದು 40 ಚೀಲ, ಹಳೆಯದು 37 ಬಂತು ಅನ್ನಿ. ನಡುವಿನದರಲ್ಲಿ 34, 32. ಕೆಳಗೆ 25, 22. ಮೇಲಿಂದ ಕೆಳಕ್ಕೆ 15 ಚೀಲದ ಏರುಪೇರು! ಆದರೆ ಪಟ್ಟಿಯೊಳಗೇ ಕಳೆದು ನೋಡಿ: 3, 2, 3. ಮಣ್ಣಿನ ಏರುಪೇರು ಬಹುಪಾಲು ಬಿಟ್ಟುಹೋಗಿ ತಳಿಯ ವ್ಯತ್ಯಾಸ ಎದ್ದು ಕಾಣುತ್ತದೆ. ಪಟ್ಟಿಯನ್ನು ಉದ್ದಕ್ಕೆ ಎಳೆದು, ಹೊಸದನ್ನು ತೂಬಿನ ಕಡೆ, ಹಳೆಯದನ್ನು ಸವಳಿನ ಕಡೆ ಹಾಕಿದರೆ ಮಾತ್ರ ಪಟ್ಟ ಶ್ರಮವೆಲ್ಲ ದಂಡ.

ಈ ವಿಧಾನವನ್ನು ಕಟ್ಟಿಕೊಟ್ಟವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. 1919ರಲ್ಲಿ ಅವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದಾಗ ಅಲ್ಲಿ 1843ರಿಂದ ನಡೆದ ಪ್ರಯೋಗಗಳ ಲೆಕ್ಕ ರಾಶಿ ಬಿದ್ದಿತ್ತು.

ಸುಮ್ನೆ ಜಾಸ್ತಿ ಗಿಡ ಅಳೆದರೆ ಆಗಲ್ವಾ? ಆಗುತ್ತದೆ, ಆದರೆ ದುಬಾರಿ. ಅಂದಾಜಿನಲ್ಲಿರುವ ತಪ್ಪು ಅರ್ಧಕ್ಕಿಳಿಯಲು ನಾಲ್ಕು ಪಟ್ಟು ಅಳೆಯಬೇಕು. ಕಾಳಿನ ತೇವವನ್ನೂ ಒಂದೇ ಮಟ್ಟಕ್ಕೆ, ಭತ್ತಕ್ಕಾದರೆ ಸಾಮಾನ್ಯವಾಗಿ ಶೇ. 14ಕ್ಕೆ, ತಂದೇ ತೂಕ ಹೋಲಿಸಬೇಕು.

ನಮ್ಮ ದೇಶದವರೇ ಆದ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ 1940ರ ದಶಕದಲ್ಲಿ ಇನ್ನೊಂದು ಎಡವಟ್ಟನ್ನು ತೋರಿಸಿದರು. ಅಳತೆಗೆಂದು ಗೆರೆ ಹಾಕಿ ಕೊಯ್ದು ತೂಗುವ ಗದ್ದೆಯ ತುಂಡು ತೀರಾ ಚಿಕ್ಕದಾದರೆ ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಗೆರೆಯ ಮೇಲೆ ನಿಂತ ಗಿಡವನ್ನು ಕೊಯ್ಯುವ ಕೈ ತನಗೇ ಗೊತ್ತಿಲ್ಲದೆ ಒಳಕ್ಕೆ ಎಳೆದುಕೊಳ್ಳುತ್ತದೆ. ತುಂಡು ಚಿಕ್ಕದಾದಷ್ಟೂ ಅಂಥ ಗಿಡಗಳ ಪಾಲು ದೊಡ್ಡದು.

ಬೆಳೆ ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲಿ ಭತ್ತಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡು ಗುರುತು ಮಾಡುತ್ತಾರೆ. ಅದು ಎಲ್ಲಿ ಬರಬೇಕು ಅನ್ನೋದು ಯಾದೃಚ್ಛಿಕ ಸಂಖ್ಯೆಯಿಂದ, ಅಂದರೆ ಚೀಟಿ ಎತ್ತಿದ ಹಾಗೆ ಸಿಗುವ ಸಂಖ್ಯೆಯಿಂದ, ತೀರ್ಮಾನವಾಗುತ್ತದೆ. 'ಇಲ್ಲಿ ಪೈರು ಚೆನ್ನಾಗಿಲ್ಲ, ಆ ಕಡೆ ಕೊಯ್ಯಿರಿ' ಅಂತ ಅಭಿಮಾನದಿಂದ ತೋರಿಸಬೇಡಿ. ಒಳ್ಳೆ ಜಾಗದ ತೂಕವೇ ಇಡೀ ಪಂಚಾಯಿತಿಯ ಸರಾಸರಿಗೆ ಸೇರುತ್ತದೆ. ಆ ಸರಾಸರಿ ಏರಿದರೆ ಬೆಳೆ ಕಳೆದುಕೊಂಡ ಪಕ್ಕದ ಹೊಲದವರ ಪರಿಹಾರಕ್ಕೂ ಕತ್ತರಿ ಬೀಳಬಹುದು.